ಜಿನ್‌ಗೆ ಹೊಸಬ್ರಾ? ಗೋವಾದಲ್ಲಿ ನಿಮ್ಮ ಮೊದಲ ಒಳ್ಳೆ ಬಾಟ್ಲಿ ಆರಿಸ್ಕೊಳ್ಳೋದು ಹೇಗೆ: ಪೂರ್ತಿ ಗೈಡ್

ಪಣಜಿಗೆ ಬಂದು ಎಂಟು ವರ್ಷ ಆಯ್ತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯಿಂದ ದೋಸ್ತರು ಶನಿವಾರ ಬಂದಿಳಿದ್ರು ಅಂದ್ರೆ ಸಂಜೆ ವೈನ್ ಶಾಪ್ ಮುಂದೆ ನಿಂತು ಕೇಳೋದು ಒಂದೇ ಪ್ರಶ್ನೆ, "ಇಲ್ಲೆ ಜಿನ್ ಭಾರಿ ಅಂತಲ್ಲೋ, ಯಾವ್ದ್ ತಗೊಳ್ಳೂಣು?" ಶೆಲ್ಫ್ ಮೇಲೆ ನೋಡಿದ್ರೆ ನಲವತ್ತು ಬಾಟ್ಲಿ, ಒಂದಕ್ಕಿಂತ ಒಂದು ಚಂದ, ಒಂದರ ಮೇಲೆ ಹಕ್ಕಿ, ಒಂದರ ಮೇಲೆ ಹೂವು, ರೇಟು ಒಂದಕ್ಕೊಂದು ಸಂಬಂಧ ಇಲ್ಲ. ಪ್ರತಿ ಸಲ ಫುಟ್‌ಪಾತ್ ಮೇಲೆ ನಿಂತು ಅದನ್ನೇ ಹೇಳಿ ಹೇಳಿ ಸಾಕಾಗಿ ಇವತ್ತು ಕೂತು ಪೂರ್ತಿ ಬರೀತಾ ಇದ್ದೀನಿ. ಉದ್ದ ಆಗ್ತದೆ, ಆದ್ರೆ ಪೂರ್ತಿ ಓದ್ರಿ, ಯಾಕಂದ್ರೆ ಮೊದಲ ಬಾಟ್ಲಿ ತಪ್ಪಿದ್ರೆ ಎಷ್ಟೋ ಜನ ಜಿನ್ ಕಡೆ ತಿರುಗಿ ನೋಡೋದೇ ಇಲ್ಲ.

ನನಗೂ ಹಂಗೇ ಆಗಿತ್ತು. ಬಂದ ಹೊಸದ್ರಲ್ಲಿ ಬಾಟ್ಲಿ ನೋಡಿ ಮನಸೋತು ಒಂದು ಜಿನ್ ತಂದೆ, ಮನೇಲಿ ಮೂಡಿ ತೆಗೆದ್ರೆ ಸೆಂಟ್ ಬಾಟ್ಲಿ ಒಡೆದಂಗೆ ವಾಸನೆ, ಬಾಯಿಗೆ ಹಾಕಿದ್ರೆ ಚಾಕ್ಲೇಟ್ ಪೆಪ್ಪರ್ಮಿಂಟ್ ಥರ ಸಿಹಿ, ಆಮೇಲೆ ಗಂಟಲಲ್ಲಿ ಉರಿ. ಲಿಂಬು ಸೋಡಾ ಹಾಕಿ ಹೆಂಗೋ ಮುಗಿಸಿ ಎರಡು ವರ್ಷ ಜಿನ್ ಮುಟ್ಟಲಿಲ್ಲ. ಆಮೇಲೆ ಮಿರಾಮಾರ್ ಹತ್ರ ಒಂದು ಸಣ್ಣ ಬಾರಲ್ಲಿ ಕೌಂಟರ್ ಹಿಂದೆ ಇದ್ದ ಗದಗಿನ ಹುಡುಗ ನನ್ನ ಕನ್ನಡ ಕೇಳಿ ಮಾತಾಡ್ಸಿದ. ಜಿನ್ ನನಗೆ ಸೇರಲ್ಲ ಅಂದೆ. ಅವನು, "ಅಣ್ಣಾರ, ನೀವು ಜಿನ್ನ ಇನ್ನಾ ಕುಡ್ದಿಲ್ಲ ತಗೋರಿ, ಮೊದ್ಲ ಇದನ್ನ ಬರೇ ಮೂಸ್ರಿ" ಅಂತ ಒಂದು ಸಾದಾ ಲಂಡನ್ ಡ್ರೈ ಜಿನ್ ಹದಿನೈದು ಎಂಎಲ್ ಹಾಕಿ, ಪಕ್ಕಕ್ಕೆ ಒಂದು ಲೋಟ ನೀರು ಇಟ್ಟ. ಇಲ್ಲಿ ಬರೆದಿರೋದ್ರಲ್ಲಿ ಅರ್ಧ ಅವನು ಹೇಳಿಕೊಟ್ಟಿದ್ದು, ಇನ್ನರ್ಧ ಆಮೇಲೆ ನಾನೇ ಓದಿ, ಕುಡಿದು, ಹೋಲಿಸಿ ನೋಡಿ ತಿಳ್ಕೊಂಡಿದ್ದು.

ಹೆಜ್ಜೆ 1: ಬಾಟ್ಲಿಗಿಂತ ಮೊದಲು ಜೂನಿಪರ್ ಪರಿಚಯ ಮಾಡ್ಕೋರಿ

ಜಿನ್ ಅಂದ್ರೆ ಏನು? ಯಾವ ರುಚಿನೂ ಇಲ್ಲದ, ಶುದ್ಧ ಮಾಡಿದ ಸ್ಪಿರಿಟ್ಟಿಗೆ ಜೂನಿಪರ್ ಅನ್ನೋ ಕಾಯಿಯ ಘಮ ಹತ್ತಿಸಿರೋದು. ಅದರ ಜೊತೆ ಕೊತ್ತಂಬರಿ ಬೀಜ, ಏಂಜೆಲಿಕಾ ಬೇರು, ಲಿಂಬೆ ಸಿಪ್ಪೆ, ಕಿತ್ತಳೆ ಸಿಪ್ಪೆ, ಚಕ್ಕೆ, ಏಲಕ್ಕಿ, ಜ್ಯೇಷ್ಠಮಧು, ಬಾಲಮೆಣಸು ಏನೇನೋ ಹಾಕ್ತಾರೆ, ಇವಕ್ಕೆಲ್ಲ ಸೇರಿಸಿ ಬೊಟಾನಿಕಲ್ಸ್ ಅಂತಾರೆ. ಆದ್ರೆ ಜೂನಿಪರ್ ಇಲ್ಲ ಅಂದ್ರೆ ಅದು ಜಿನ್ನೇ ಅಲ್ಲ, ಮಸಾಲೆ ಹಾಕಿದ ವೋಡ್ಕಾ ಅಷ್ಟೇ. ಯುರೋಪಿನ ಕಾನೂನು ಕೂಡ ಜೂನಿಪರ್ ರುಚಿನೇ ಮುಂದೆ ನಿಂತಿರ್ಬೇಕು ಅನ್ನತ್ತೆ.

ತೊಂದರೆ ಏನಂದ್ರೆ ನಮ್ಮಲ್ಲಿ ಯಾರಿಗೂ ಜೂನಿಪರ್ ಗೊತ್ತಿಲ್ಲ. ನಮ್ಮ ಅಡುಗೆಯಲ್ಲಿ ಇಲ್ಲ, ತೋಟದಲ್ಲಿ ಇಲ್ಲ. ಇಂಗು ಮೂಸಿ ಗೊತ್ತಿಲ್ಲದವನಿಗೆ ಸಾರಿನ ಒಗ್ಗರಣೆ ಸರಿಯಾಗಿದೆಯೋ ಇಲ್ವೋ ಅಂತ ಹೆಂಗೆ ತಿಳೀಬೇಕು? ಹಂಗೇ ಇದು. ಅದಕ್ಕೆ ನಾನು ಎಲ್ರಿಗೂ ಹೇಳೋದು, ಬಾಟ್ಲಿ ತಗೊಳ್ಳೋಕೆ ಮೊದಲು ಒಣಗಿದ ಜೂನಿಪರ್ ಕಾಯಿ ಐವತ್ತು ಗ್ರಾಂ ಆನ್‌ಲೈನ್ ತರಿಸ್ಕೋರಿ. ಆಯುರ್ವೇದದಲ್ಲಿ ಇದಕ್ಕೆ ಹಪುಷ ಅಂತ ಹೆಸರಿದೆ, ದೊಡ್ಡ ಗ್ರಂಧಿಗೆ ಅಂಗಡಿಯಲ್ಲಿ ಕೇಳಿ ನೋಡ್ಬಹುದು, ಆದ್ರೆ ಅಲ್ಲಿ ಎಷ್ಟು ಹಳೇದು ಇರ್ತದೋ, ವಾಸನೆ ಸತ್ತಿರ್ತದೆ, ಮೂಸಿ ತಗೋರಿ. ಒಗ್ಗರಣೆಗೆ ಹಾಕೋ ಮೆಣಸಿಗಿಂತ ಸ್ವಲ್ಪ ದಪ್ಪ, ಕಪ್ಪು ನೀಲಿ ಬಣ್ಣ. ಬೆರ್ರಿ ಅಂತಾರೆ, ನಿಜ ಹೇಳ್ಬೇಕಂದ್ರೆ ಅದು ಹಣ್ಣಲ್ಲ, ಸೈಪ್ರೆಸ್ ಜಾತಿ ಗಿಡದ ಪುಟ್ಟ ಕೋನ್, ತಿರುಳು ತುಂಬ್ಕೊಂಡು ಹಣ್ಣಿನ ಥರ ಕಾಣ್ತದೆ. ಎರಡು ಕಾಯಿ ಬೆರಳಲ್ಲಿ ಹಿಚುಕಿ ಮೂಸ್ರಿ. ಊಟಿ ಪೈನ್ ಫಾರೆಸ್ಟಲ್ಲಿ ಮಳೆ ನಿಂತ ಮೇಲೆ ಬರೋ ವಾಸನೆ ನೆನಪಿದ್ಯಾ, ಅದು, ಅದರ ಜೊತೆ ಸ್ವಲ್ಪ ಮೆಣಸು, ಸ್ವಲ್ಪ ಲಿಂಬೆ ಸಿಪ್ಪೆ. ಈ ವಾಸನೆ ತಲೇಲಿ ಕೂತ್ರೆ ಸಾಕು, ಇನ್ಮೇಲೆ ಯಾವ ಬಾಟ್ಲಿ ತೆಗೆದ್ರೂ ಜೂನಿಪರ್ ಇದೆಯಾ, ಎಷ್ಟಿದೆ, ಯಾವುದರ ಹಿಂದೆ ಅಡಗಿದೆ ಅಂತ ನಿಮ್ಮ ಮೂಗೇ ಹೇಳ್ತದೆ.

ಹೆಜ್ಜೆ 2: ಹೆಂಗೆ ಮಾಡ್ತಾರೆ ಅನ್ನೋದು ಅಷ್ಟಿಷ್ಟು ಗೊತ್ತಿರ್ಲಿ

ಭಾಳ ಆಳಕ್ಕೆ ಹೋಗಲ್ಲ. ಬೇಸ್ ಸ್ಪಿರಿಟ್ಟಿಗೆ ನಮ್ಮಲ್ಲಿ ಇಎನ್ಎ (ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್) ಅಂತಾರೆ, ಧಾನ್ಯದಿಂದ ಮಾಡ್ತಾರೆ ಇಲ್ಲಾ ಕಾಕಂಬಿಯಿಂದ ಮಾಡ್ತಾರೆ. ಒಳ್ಳೆ ಜಿನ್ ಮಾಡೋರು ಆ ಸ್ಪಿರಿಟ್ಟಿಗೆ ನೀರು ಸೇರಿಸಿ, ಬೊಟಾನಿಕಲ್ಸ್ ನೆನೆಸಿ, ಸಾಮಾನ್ಯವಾಗಿ ತಾಮ್ರದ ಹಂಡೆಯಲ್ಲಿ (ಪಾಟ್ ಸ್ಟಿಲ್) ಇನ್ನೊಂದು ಸಲ ಬಟ್ಟಿ ಇಳಿಸ್ತಾರೆ. ಕೆಲವರು ನೆನೆಸೋದಿಲ್ಲ, ಮೇಲೆ ಜಾಲರಿ ಬುಟ್ಟಿಯಲ್ಲಿ ಇಟ್ಟು ಆವಿ ಅದರ ಮೂಲಕ ಹೋಗೋ ಹಂಗೆ ಮಾಡ್ತಾರೆ, ಬಾಂಬೆ ಸಫೈರ್ ಆ ಥರದ್ದು. (ಹೆಸರು ಬಾಂಬೆ ಅಂತ ಇದ್ರೂ ಅದು ತಯಾರಾಗೋದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ, ಮುಂಬೈಗೂ ಅದಕ್ಕೂ ಹೆಸರಿನ ಸಂಬಂಧ ಮಾತ್ರ. ನೀಲಿ ಇರೋದು ಗಾಜು, ಒಳಗಿನ ಜಿನ್ ನೀರಿನಂಗೆ ಬಿಳಿ.)

ಬಟ್ಟಿಯಿಂದ ಮೊದಲು ಬರೋ ಭಾಗ ನೇಲ್ ಪಾಲಿಷ್ ರಿಮೂವರ್ ವಾಸನೆ ಹೊಡೀತದೆ, ಕೊನೆಗೆ ಬರೋದು ಹಳಸಿದ ಬೇಯಿಸಿದ ವಾಸನೆ. ನಡುವಿನದನ್ನ ಮಾತ್ರ ಹಿಡ್ಕೊಳ್ಳೋದು ಮಾಡೋನ ಕೈಚಳಕ. ಎಲ್ಲಿ ಕಟ್ ಮಾಡ್ತಾನೆ ಅನ್ನೋದ್ರಲ್ಲೇ ಒಳ್ಳೆ ಜಿನ್ನಿಗೂ ಸುಮಾರು ಜಿನ್ನಿಗೂ ವ್ಯತ್ಯಾಸ. ಅಗ್ಗದ ದಾರಿ ಇನ್ನೊಂದಿದೆ, ಬಟ್ಟಿಯೇ ಇಳಿಸದೆ ಸ್ಪಿರಿಟ್ಟಿಗೆ ಎಸೆನ್ಸ್ ಬೆರೆಸೋದು. ಅದನ್ನೂ ಜಿನ್ ಅಂತ ಮಾರಬಹುದು.

ಇನ್ನೊಂದು ವಿಷಯ, ಇಷ್ಟೊಂದು ಹೊಸ ಜಿನ್ ಯಾಕೆ ಹುಟ್ಟಿದ್ವು ಅಂದ್ರೆ, ವಿಸ್ಕಿ ಮಾಡಿದ್ರೆ ವರ್ಷಗಟ್ಟಲೆ ಪೀಪಾಯಿಯಲ್ಲಿ ಇಟ್ಟು ಕಾಯ್ಬೇಕು, ಜಿನ್ನಿಗೆ ಆ ಕಾಯೋದು ಇಲ್ಲ, ಇಳಿಸಿ ಸ್ವಲ್ಪ ದಿನ ಬಿಟ್ಟು ಬಾಟ್ಲಿಗೆ ಹಾಕಿ ಮಾರಬಹುದು. ಹಾಕಿದ ದುಡ್ಡು ಬೇಗ ವಾಪಸ್. ಹಂಗಾಗಿ ನಿಜವಾಗ್ಲೂ ಪ್ರೀತಿಯಿಂದ ಮಾಡೋರೂ ಬಂದ್ರು, ಬರೇ ಬಾಟ್ಲಿ ಡಿಸೈನ್ ಮಾಡ್ಸಿ ಮಾರೋರೂ ಬಂದ್ರು. ನಾವು ನೋಡಿ ತಗೋಬೇಕು.

ಹೆಜ್ಜೆ 3: ಅಂಗಡಿಯಲ್ಲಿ ಲೇಬಲ್ ಓದ್ರಿ, ಹಿಂದಿನದ್ದೂ

ಮುಂದಿನ ಲೇಬಲ್ ಮಾರೋಕೆ, ಹಿಂದಿನ ಲೇಬಲ್ ನಮಗೆ. ಬಾಟ್ಲಿ ತಿರುಗಿಸಿ ಓದಿದ್ರೆ ಅಂಗಡಿಯವನು ಏನೂ ಅನ್ಕೊಳ್ಳಲ್ಲ.

ಲಂಡನ್ ಡ್ರೈ ಅಂತ ಇದ್ರೆ ಲಂಡನ್ನಲ್ಲೇ ಮಾಡಿದ್ದು ಅಂತಲ್ಲ, ಅದು ಮಾಡೋ ಪದ್ಧತಿಯ ಹೆಸರು. ಎಲ್ಲಾ ಘಮ ಬಟ್ಟಿಯಲ್ಲೇ ಬಂದಿರ್ಬೇಕು, ಆಮೇಲೆ ಬಣ್ಣ ರುಚಿ ಸೇರಿಸೋ ಹಂಗಿಲ್ಲ, ಸಕ್ಕರೆ ಲೀಟರಿಗೆ 0.1 ಗ್ರಾಂ ದಾಟಬಾರದು. ಅಂದ್ರೆ ತಪ್ಪು ಮುಚ್ಚೋಕೆ ಜಾಗನೇ ಇಲ್ಲ. ಇದು ಯಾಕೆ ಮುಖ್ಯ ಅಂದ್ರೆ ಹಳೇ ಕಾಲದಲ್ಲಿ ಸ್ಪಿರಿಟ್ಟೇ ಕೆಟ್ಟದಾಗಿ ಬರ್ತಿತ್ತು, ಅದನ್ನ ಮುಚ್ಚೋಕೆ ಸಿಹಿ ಹಾಕ್ತಿದ್ರು, 1830ರ ಸುಮಾರಿಗೆ ಏನಿಯಾಸ್ ಕಾಫಿ ಅನ್ನೋರ ಕಾಲಮ್ ಸ್ಟಿಲ್ (ಕಂಬದಂಥ ಬಟ್ಟಿ ಯಂತ್ರ) ಬಂದ ಮೇಲೆ ಶುದ್ಧ ಸ್ಪಿರಿಟ್ ಸುಲಭ ಆಯ್ತು, ಆಮೇಲೆ ಸಿಹಿ ಇಲ್ಲದ ಡ್ರೈ ಜಿನ್ ಬೆಳೀತು. ಆ ಹಳೇ ಸಿಹಿ ಪದ್ಧತಿಗೆ ಓಲ್ಡ್ ಟಾಮ್ ಅಂತಾರೆ, ಇವತ್ತು ಅದನ್ನ ಚೆನ್ನಾಗಿ ಮಾಡೋರು ಇದ್ದಾರೆ, ಆದ್ರೆ ಮೊದಲ ಬಾಟ್ಲಿಗೆ ಅಲ್ಲ.

ಡಿಸ್ಟಿಲ್ಡ್ ಜಿನ್ ಅಂತಿದ್ರೆ ಬಟ್ಟಿ ಆದ್ಮೇಲೂ ಸ್ವಲ್ಪ ರುಚಿ ಸೇರಿಸಿರ್ಬಹುದು, ಅದೇನು ತಪ್ಪಲ್ಲ. ಹೆಂಡ್ರಿಕ್ಸ್ ನೋಡ್ರಿ, ಸೌತೆಕಾಯಿ ಮತ್ತೆ ಗುಲಾಬಿ ಘಮ ಬಟ್ಟಿ ಆದ್ಮೇಲೆ ಸೇರಿಸೋದು, ಒಳ್ಳೆ ಜಿನ್ನೇ. ಪಿಂಕ್, ಸ್ಟ್ರಾಬೆರಿ, ಮ್ಯಾಂಗೋ ಅಂತೆಲ್ಲ ಇರೋ ಫ್ಲೇವರ್ಡ್ ಜಿನ್ ಆಮೇಲೆ ನೋಡ್ಕೊಂಡ್ರಾಯ್ತು. ಸ್ಲೋ ಜಿನ್ ಅಂತ ಇನ್ನೊಂದು ಬರ್ತದೆ, ಅದು ಸ್ಲೋ ಅನ್ನೋ ಹಣ್ಣು ನೆನೆಸಿ ಸಕ್ಕರೆ ಹಾಕಿದ ಲಿಕರ್, ಹೆಸರಲ್ಲಿ ಜಿನ್ ಇದೆ ಅಂತ ಮೋಸ ಹೋಗ್ಬೇಡ್ರಿ.

ಶಂಖಪುಷ್ಪ ಹಾಕಿದ ನೀಲಿ ಜಿನ್ ಬಗ್ಗೆ ಎಲ್ರೂ ಕೇಳ್ತಾರೆ. ಟಾನಿಕ್ (ಜಿನ್ ಜೊತೆ ಬೆರೆಸೋ ಸಿಹಿ-ಕಹಿ ಸೋಡಾ) ಸುರಿದ ಕೂಡ್ಲೇ ನೇರಳೆ, ಗುಲಾಬಿ ಆಗ್ತದಲ್ಲ ಅದು. ಹುಳಿ ತಾಗಿದ್ರೆ ಆ ಹೂವಿನ ಬಣ್ಣ ಬದಲಾಗ್ತದೆ, ಅಷ್ಟೇ, ಮನೇಲಿ ಶಂಖಪುಷ್ಪದ ಚಹಾಕ್ಕೆ ಲಿಂಬೆ ಹಿಂಡಿದ್ರೂ ಹಂಗೇ ಆಗ್ತದೆ. ನೋಡೋಕೆ ಚಂದ, ರುಚಿಗೂ ಅದಕ್ಕೂ ಸಂಬಂಧ ಇಲ್ಲ.

ಸ್ಟ್ರೆಂತ್, ಅಂದ್ರೆ ಆಲ್ಕೋಹಾಲ್ ಪ್ರಮಾಣ, ನೋಡ್ರಿ. ನಮ್ಮ ದೇಶದಲ್ಲಿ ಭಾಳ ಬಾಟ್ಲಿ ಮೇಲೆ ಶೇ. 42.8 ಅಂತ ಇರ್ತದೆ, ಅದು ಹಳೇ ಬ್ರಿಟಿಷ್ ಲೆಕ್ಕದ 75 ಡಿಗ್ರಿ ಪ್ರೂಫ್. ಯುರೋಪಲ್ಲಿ ಕನಿಷ್ಠ 37.5 ಇದ್ರೂ ಸಾಕು. ಸ್ಟ್ರೆಂತ್ ಕಡಿಮೆ ಆದಷ್ಟು ಘಮದ ಎಣ್ಣೆ ಹಿಡಿದಿಟ್ಟುಕೊಳ್ಳೋ ಶಕ್ತಿನೂ ಕಡಿಮೆ, ಹಂಗಾಗಿ 42-43ರ ಆಸುಪಾಸು ಇದ್ರೆ ಹೊಸಬರಿಗೆ ಸರಿ. ನೇವಿ ಸ್ಟ್ರೆಂತ್ ಅಂತ ಶೇ. 57ರದ್ದು ಸಿಗ್ತದೆ, ಅದನ್ನ ಈಗ್ಲೇ ಮುಟ್ಬೇಡ್ರಿ.

ಕೊನೆಗೆ ಹಿಂದೆ ಸಣ್ಣ ಅಕ್ಷರದಲ್ಲಿ "ಆರ್ಟಿಫಿಶಿಯಲ್ ಫ್ಲೇವರ್" ಅಂತ ಇದೆಯಾ ನೋಡ್ರಿ. ಇದ್ರೆ ಕೆಳಗಿಡ್ರಿ. ಮೂಡಿ ಸೀಲ್ ಸರಿ ಇರ್ಬೇಕು, ಬ್ಯಾಚ್ ನಂಬರು, ತಯಾರಾದ ತಾರೀಖು ಸ್ಪಷ್ಟ ಇರ್ಬೇಕು. ಬೀಚ್ ಶ್ಯಾಕಲ್ಲಿ ಯಾರೋ "ಭೈಯಾ, ಸಸ್ತಾ ಮೇ ಹೈ" ಅಂತ ತಂದ್ಕೊಟ್ಟ ಬಾಟ್ಲಿ ಎಷ್ಟೇ ಅಗ್ಗ ಆದ್ರೂ ತಗೋಬೇಡ್ರಿ. ನಕಲಿ ಮಾಲಿನಲ್ಲಿ ಮೆಥನಾಲ್ ಇದ್ರೆ ಕಣ್ಣು ಹೋಗ್ತದೆ, ಜೀವನೂ ಹೋಗ್ತದೆ. ಈ ವಿಷಯದಲ್ಲಿ ಚೌಕಾಸಿ ಬೇಡವೇ ಬೇಡ.

ಹೆಜ್ಜೆ 4: ಫುಲ್ ಬಾಟ್ಲಿಗೆ ಮೊದಲು ಪೆಗ್

ಗೋವಾದಲ್ಲಿ ಇರೋ ದೊಡ್ಡ ಅನುಕೂಲ ಅಂದ್ರೆ ಒಳ್ಳೆ ಬಾರಲ್ಲಿ ಹತ್ತು ಹದಿನೈದು ಜಿನ್ ತೆರೆದಿರ್ತವೆ, 30 ಎಂಎಲ್ ಪೆಗ್ ಕೇಳಬಹುದು. ಇಬ್ರು ಮೂವರು ಹೋಗಿ ಬೇರೆ ಬೇರೆ ಹೇಳಿ, ಹಂಚ್ಕೊಂಡು ರುಚಿ ನೋಡ್ರಿ, ಎಲ್ಲಾನೂ ಒಬ್ರೇ ಕುಡಿಯೋದಲ್ಲ. ಟಾನಿಕ್ ಬೇರೆ ತರ್ಸಿ, ಜಿನ್ ನೀಟ್ (ಏನೂ ಬೆರೆಸದೆ) ತರ್ಸಿ. ಸಂಜೆ ಆರು ಆರೂವರೆಗೆ ಹೋದ್ರೆ ಬಾರ್‌ಟೆಂಡರಿಗೂ ಮಾತಾಡೋಕೆ ಪುರುಸೊತ್ತು ಇರ್ತದೆ, ರಾತ್ರಿ ಒಂಬತ್ತಕ್ಕೆ ಹೋಗಿ ಬೊಟಾನಿಕಲ್ಸ್ ಕೇಳಿದ್ರೆ ಅವ್ರಿಗೂ ಕಷ್ಟ. ಅಂಗಡಿಯಲ್ಲೂ 50, 60 ಎಂಎಲ್ ಮಿನಿಯೇಚರ್, ಕ್ವಾರ್ಟರ್ 180 ಕೆಲವು ಬ್ರ್ಯಾಂಡಲ್ಲಿ ಸಿಗ್ತದೆ, ಮೂರು ಮಿನಿ ತಗೊಂಡ್ರೆ ಒಂದು ಫುಲ್ಲಿಗಿಂತ ಜಾಸ್ತಿ ಕಲೀತೀರಿ.

ಯಾವ ಮೂರು? ನನ್ನ ಕ್ರಮ ಇದು. ಮೊದಲು ಒಂದು ಹಳೇ ಇಂಗ್ಲಿಷ್ ಥರದ್ದು, ಬೀಫೀಟರ್ ಇಲ್ಲಾ ಟ್ಯಾಂಕರೇ. ಟ್ಯಾಂಕರೇಯಲ್ಲಿ ಇರೋದು ನಾಲ್ಕೇ ಬೊಟಾನಿಕಲ್: ಜೂನಿಪರ್, ಕೊತ್ತಂಬರಿ ಬೀಜ, ಏಂಜೆಲಿಕಾ ಬೇರು, ಜ್ಯೇಷ್ಠಮಧು. ಹನ್ನೊಂದು ಹನ್ನೆರಡು ಬೊಟಾನಿಕಲ್ ಅಂತ ಲೇಬಲ್ಲಲ್ಲಿ ಹೆಮ್ಮೆಯಿಂದ ಬರೆಯೋರಿಗಿಂತ ಈ ನಾಲ್ಕರದ್ದು ಪಾಠ ಜಾಸ್ತಿ ಹೇಳ್ಕೊಡ್ತದೆ, ಸಂಖ್ಯೆಗೂ ಕ್ವಾಲಿಟಿಗೂ ಸಂಬಂಧ ಇಲ್ಲ ಅಂತ ಅಲ್ಲೇ ಗೊತ್ತಾಗ್ತದೆ. ಎರಡನೇದು ಗೋವಾದ್ದು, ಗ್ರೇಟರ್ ದ್ಯಾನ್, 2017ರಲ್ಲಿ ಬಂತು, ಲಂಡನ್ ಡ್ರೈ ಪದ್ಧತಿನೇ, ಆದ್ರೆ ಶುಂಠಿ, ಲಿಂಬೆಹುಲ್ಲಿನ ನಮ್ಮ ಕಡೆ ಘಮ ಇದೆ, ರೇಟೂ ಕೈಗೆಟುಕೋದು. ಮೂರನೇದು ಸ್ಟ್ರೇಂಜರ್ ಅಂಡ್ ಸನ್ಸ್, 2018ರದ್ದು, ಇದೂ ಗೋವಾದಲ್ಲೇ ತಯಾರಾಗೋದು. ಮೆಣಸು, ಜಾಯಿಕಾಯಿ, ಜಾಪತ್ರೆ, ಜೊತೆಗೆ ಗಂಧರಾಜ ಲಿಂಬೆ, ನಾಗಪುರ ಕಿತ್ತಳೆ ಥರದ ಸಿಪ್ಪೆಗಳು. 2020ರಲ್ಲಿ ಐಡಬ್ಲ್ಯುಎಸ್‌ಸಿ ಅನ್ನೋ ಅಂತರರಾಷ್ಟ್ರೀಯ ವೈನ್-ಸ್ಪಿರಿಟ್ ಸ್ಪರ್ಧೆಯಲ್ಲಿ ಗೋಲ್ಡ್ ಔಟ್‌ಸ್ಟ್ಯಾಂಡಿಂಗ್ ಬಂದಿದ್ದು ಇದಕ್ಕೇ. ಈ ಮೂರನ್ನ ಸಾಲಾಗಿ ಇಟ್ಟು ಮೂಸಿದ್ರೆ ಪೈನ್ ಘಮದಿಂದ ಮಸಾಲೆ ಡಬ್ಬಿ ತನಕ ಹೆಂಗೆ ಹೋಗ್ತದೆ ಅಂತ ಕಾಣ್ತದೆ.

ಆಮೇಲೆ ಇಷ್ಟ ಆದ್ರೆ ಹಪುಸಾ ನೋಡ್ರಿ, ಹಿಮಾಲಯದ ಜೂನಿಪರ್ ಹಾಕಿ ಮಾಡ್ತಾರೆ, ಹೆಸರೇ ಹಪುಷದಿಂದ ಬಂದಿದ್ದು, ಮಣ್ಣಿನ ವಾಸನೆ ಥರ ಗಾಢ ಇರ್ತದೆ, ಅರಿಶಿಣನೂ ಇದೆ ಅದರಲ್ಲಿ. ನನಗೆ ಭಾಳ ಇಷ್ಟ, ಆದ್ರೆ ಹೊಸಬರಿಗೆ ಮೊದಲೇ ಕೊಟ್ರೆ ಜಿನ್ ಅಂದ್ರೆ ಹಿಂಗೇ ಅಂತ ತಪ್ಪು ತಿಳ್ಕೋತಾರೆ. ರಾಜಸ್ಥಾನದ ಹೆಸರಿನ ಜೈಸಲ್ಮೇರ್ ಕೂಡ 2018ರದ್ದೇ, ರಾಡಿಕೋ ಖೈತಾನ್ ಕಂಪನಿಯದ್ದು, ಮೆದು, ಯಾರಿಗಾದ್ರೂ ಗಿಫ್ಟ್ ಕೊಡೋಕೆ ಒಳ್ಳೇದು.

ಹೆಜ್ಜೆ 5: ರುಚಿ ನೋಡೋ ವಿಧಾನ

ಇಲ್ಲಿ ಅವಸರ ಮಾಡ್ಬೇಡ್ರಿ, ಇಡೀ ಗೈಡಲ್ಲಿ ಮುಖ್ಯ ಭಾಗ ಇದೇ.

ಊಟಕ್ಕೆ ಮುಂಚೆ, ಆದ್ರೆ ಖಾಲಿ ಹೊಟ್ಟೆಯಲ್ಲಿ ಅಲ್ಲ, ಎರಡು ಚಪಾತಿ ತಿಂದು ಒಂದು ಗಂಟೆ ಬಿಟ್ಟು ಕೂಡ್ರಿ. ಉಪ್ಪಿನಕಾಯಿ, ಗುಟ್ಕಾ, ಸಿಗರೇಟ್, ಮಿಂಟ್ ಯಾವುದೂ ಬೇಡ, ಮೈಗೆ ಸೆಂಟ್ ಹೊಡ್ಕೊಂಡೂ ಕೂಡ್ಬೇಡ್ರಿ. ವೈನ್ ಗ್ಲಾಸ್ ಇದ್ರೆ ಒಳ್ಳೇದು, ಇಲ್ದಿದ್ರೆ ಬಾಯಿ ಸಣ್ಣ ಇರೋ ಯಾವ್ದೇ ಗಾಜಿನ ಲೋಟ. ಫ್ರಿಜ್ಜಲ್ಲಿಟ್ಟ ಜಿನ್ ಬೇಡ, ತಣ್ಣಗಾದ್ರೆ ಘಮ ಏಳೋದಿಲ್ಲ, ತಪ್ಪೂ ಕಾಣೋದಿಲ್ಲ. ಒಂದೊಂದರಲ್ಲಿ 15 ಎಂಎಲ್ ಸಾಕು. ಸಾಧ್ಯ ಆದ್ರೆ ಗ್ಲಾಸ್ ಅಡಿಗೆ ಚೀಟಿ ಅಂಟಿಸಿ ಬೇರೆಯವ್ರ ಕೈಲಿ ಹಾಕ್ಸಿ, ಯಾವುದು ಯಾವುದು ಅಂತ ನಿಮಗೆ ಗೊತ್ತಿರ್ಬಾರ್ದು. ನನ್ನ ರೂಮಲ್ಲಿ ಹಿಂಗೆ ಮಾಡಿದಾಗ ನಾಲ್ವರಲ್ಲಿ ಮೂವರು ರೇಟಲ್ಲಿ ಎಲ್ಲಕ್ಕಿಂತ ಕಡಿಮೆ ಇದ್ದಿದ್ದನ್ನೇ ಮೊದಲು ಅಂತ ಆರಿಸಿದ್ರು.

ಮೂಗನ್ನ ಪೂರ್ತಿ ಗ್ಲಾಸಲ್ಲಿ ಇಳಿಸ್ಬೇಡ್ರಿ, ಆಲ್ಕೋಹಾಲ್ ಮೂಗನ್ನ ಮರಗಟ್ಟಿಸ್ತದೆ. ಗದ್ದದ ಹತ್ರ ಹಿಡ್ಕೊಂಡು ಬಾಯಿ ಸ್ವಲ್ಪ ತೆರೆದು ನಿಧಾನಕ್ಕೆ ಉಸಿರು ಎಳೀರಿ. ಮೊದಲು ಹುಡುಕೋದು ಜೂನಿಪರ್. ಆಮೇಲೆ ಸಿಪ್ಪೆ ಘಮ, ಆಮೇಲೆ ಮಸಾಲೆ, ಆಮೇಲೆ ಹೂವು ಬೇರು ಏನಾದ್ರೂ. ಹೆಸರು ನೆನಪಿಗೆ ಬರ್ಲಿಲ್ಲ ಅಂದ್ರೆ ಅಡಿಗೆ ಮನೆಗೆ ಹೋಗಿ ಧನಿಯಾ, ಏಲಕ್ಕಿ, ಚಕ್ಕೆ ಡಬ್ಬಿ ತೆಗೆದು ಮೂಸಿ ಬರ್ರಿ. ಈ ವಿಷಯದಲ್ಲಿ ನಮ್ಮವರಿಗೆ ಬೇರೆ ದೇಶದವ್ರಿಗಿಂತ ಅನುಕೂಲ ಜಾಸ್ತಿ, ಈ ಮಸಾಲೆ ಎಲ್ಲಾ ಚಿಕ್ಕಂದಿನಿಂದ ಮೂಸಿ ಬೆಳೆದವ್ರು ನಾವು.

ಒಂದು ಹನಿ ನಾಲಗೆ ಮೇಲೆ ಇಟ್ಕೊಂಡು ಬಾಯೆಲ್ಲಾ ತಿರುಗಿಸಿ ನುಂಗ್ರಿ. ಮೊದಲ ಗುಟುಕು ಲೆಕ್ಕಕ್ಕೆ ತಗೋಬೇಡ್ರಿ, ಅದು ಬರೇ ಉರಿ. ಎರಡನೇ ಗುಟುಕಿಗೆ ಗೊತ್ತಾಗ್ತದೆ. ಈಗ ಎಷ್ಟು ಜಿನ್ ಇದೆಯೋ ಅಷ್ಟೇ ಸಾದಾ ನೀರು ಹಾಕ್ರಿ, ಗದಗಿನ ಹುಡುಗ ಕಲ್ಸಿದ್ದು ಇದನ್ನೇ. ನೀರು ಬಿದ್ದ ಮೇಲೆ ಒಳ್ಳೆ ಜಿನ್ ಇನ್ನೂ ಬಿಚ್ಕೊಳ್ತದೆ, ಮೊದಲು ಕಾಣದಿದ್ದ ಘಮ ಮೇಲೆ ಬರ್ತದೆ. ಎಸೆನ್ಸಿನ ಜಿನ್ ನೀರು ಬಿದ್ದ ಕೂಡ್ಲೇ ಚಪ್ಪಟೆ ಆಗ್ತದೆ, ಇಲ್ಲಾ ಒಂದೇ ವಾಸನೆ, ಪೆಪ್ಪರ್ಮಿಂಟೋ ಸೆಂಟೋ ಥರದ್ದು, ಅದೇ ಉಳೀತದೆ. ನೀರು ಹಾಕಿದಾಗ ಮಂಜು ಮಂಜಾಗಿ ಕಂಡ್ರೆ ಹೆದರ್ಬೇಡ್ರಿ, ಜೂನಿಪರ್, ಸಿಪ್ಪೆಗಳ ಎಣ್ಣೆ ಆಲ್ಕೋಹಾಲಲ್ಲಿ ಕರಗಿರ್ತದೆ, ನೀರು ಜಾಸ್ತಿ ಆದ್ರೆ ಹೊರಗೆ ಬರ್ತದೆ. ಅದು ಕೆಟ್ಟದ್ದರ ಗುರುತಲ್ಲ.

ಕೆಟ್ಟದ್ದರ ಗುರುತು ಬೇರೆ ಇವೆ. ನೇಲ್ ಪಾಲಿಷ್ ರಿಮೂವರ್ ವಾಸನೆ. ತುಟಿಗೆ ಅಂಟಂಟು ಸಿಹಿ. ಗಂಟಲಲ್ಲಿ ಮಾತ್ರ ಉರಿ, ರುಚಿ ಏನೂ ಉಳಿಯೋದಿಲ್ಲ. ಎರಡು ಹನಿ ಅಂಗೈ ಮೇಲೆ ಹಾಕಿ ಉಜ್ಜಿ, ಸ್ಪಿರಿಟ್ ಹಾರಿದ ಮೇಲೆ ಮೂಸಿ ನೋಡ್ರಿ, ಒಳ್ಳೇದಾದ್ರೆ ಕೈಯಲ್ಲಿ ಕಾಡಿನ, ಸಿಪ್ಪೆಯ ಘಮ ಉಳೀತದೆ. ಗ್ಲಾಸ್ ಖಾಲಿ ಮಾಡಿ ಹಂಗೇ ಬಿಟ್ಟು ಬೆಳಗ್ಗೆ ಮೂಸಿದ್ರೂ ಗೊತ್ತಾಗ್ತದೆ, ನಾನು ಈಗಲೂ ಹೊಸ ಬಾಟ್ಲಿಗೆ ಇದನ್ನ ಮಾಡ್ತೀನಿ.

ಫೋನಲ್ಲಿ ಎರಡು ಸಾಲು ಬರ್ಕೋರಿ. ಒಂದು ರಾತ್ರಿಗೆ ಮೂರು ಸಾಕು, ನಾಲ್ಕನೇದಕ್ಕೆ ನಾಲಗೆ ಏನೂ ಹೇಳೋದಿಲ್ಲ.

ಹೆಜ್ಜೆ 6: ಟಾನಿಕ್

ಗ್ಲಾಸಲ್ಲಿ ಹೆಚ್ಚಿನ ಭಾಗ ಟಾನಿಕ್ಕೇ ಇರ್ತದೆ. ಒಳ್ಳೆ ಜಿನ್ ತಂದು ಸಕ್ಕರೆ ಪಾಕದಂಥ ಟಾನಿಕ್ ಹಾಕಿದ್ರೆ ದುಡ್ಡು ನೀರಿಗೆ. ಟಾನಿಕ್ಕಿನ ಕಹಿ ಬರೋದು ಕ್ವಿನೈನ್‌ನಿಂದ, ಅದು ಸಿಂಕೋನಾ ಮರದ ತೊಗಟೆಯದ್ದು, ಮಲೇರಿಯಾಕ್ಕೆ ಕೊಡ್ತಿದ್ದ ಔಷಧಿ. ಮೈಸೂರಿಂದ ಗುಡಲೂರು ಮೇಲೆ ಊಟಿಗೆ ಹೋಗೋವಾಗ ನಡುವಟ್ಟಂ ಅಂತ ಊರು ಬರ್ತದೆ, 1860ರ ದಶಕದಲ್ಲಿ ಬ್ರಿಟಿಷರು ಅಲ್ಲಿ ಸಿಂಕೋನಾ ತೋಟ ಹಾಕ್ಸಿದ್ರು. ಆ ದಾರೀಲಿ ಹೋದಾಗಲೆಲ್ಲ ನನಗೆ ಇದೇ ನೆನಪಾಗ್ತದೆ. ಈಗಿನ ಟಾನಿಕ್ಕಲ್ಲಿ ಕ್ವಿನೈನ್ ತೀರಾ ಸ್ವಲ್ಪ, ಔಷಧಿ ಅಂತ ಯಾರೂ ಕುಡೀಬೇಡ್ರಿ, ಕ್ವಿನೈನ್ ಆಗಿಬರದವ್ರು ದೂರ ಇರ್ಬೇಕು. ಗರ್ಭಿಣಿಯರಿಗೆ ಜಿನ್ನೂ ಬೇಡ, ಟಾನಿಕ್ಕೂ ಬೇಡ.

ಅಂಗಡಿಯಲ್ಲಿ ಲೇಬಲ್ ಹಿಂದೆ 100 ಎಂಎಲ್‌ಗೆ ಸಕ್ಕರೆ ಎಷ್ಟು ಅಂತ ಹೋಲಿಸಿ, ಕಡಿಮೆ ಇರೋದು ತಗೋರಿ. ಶ್ವೆಪ್ಸ್ ಎಲ್ಲಾ ಕಡೆ ಸಿಗ್ತದೆ, ಮುಂಬೈಯ ಸ್ವಾಮಿ, ಆಮೇಲೆ ಸೆಪಾಯ್ ಇವೂ ಸಿಗ್ತವೆ. ಮೊದಲ ಸಲಕ್ಕೆ ಸಾದಾ ಇಂಡಿಯನ್ ಟಾನಿಕ್ಕೇ ಇರ್ಲಿ, ಸೌತೆಕಾಯಿ ಗ್ರೇಪ್‌ಫ್ರೂಟ್ ಫ್ಲೇವರ್ ಟಾನಿಕ್ ಹಾಕಿದ್ರೆ ಜಿನ್ ಯಾವುದು ಟಾನಿಕ್ ಯಾವುದು ಅಂತ ಗೊತ್ತಾಗಲ್ಲ.

ಹಾಕೋದು ಹಿಂಗೆ: ಗ್ಲಾಸ್ ತುಂಬಾ ಐಸ್, ಎರಡು ತುಂಡಲ್ಲ, ತುಂಬಾ. ಐಸ್ ಜಾಸ್ತಿ ಇದ್ದಷ್ಟು ನಿಧಾನ ಕರಗ್ತದೆ. 45 ಎಂಎಲ್ ಜಿನ್, ಮೊದಲೇ ತಣ್ಣಗೆ ಮಾಡಿದ ಟಾನಿಕ್ 90ರಿಂದ 120 ಎಂಎಲ್, ಗ್ಲಾಸ್ ಬದಿಯಿಂದ ಸುರೀರಿ, ಚಮಚ ಒಂದು ಸಲ ಎತ್ತಿ ಬಿಡ್ರಿ, ಗರಗರ ತಿರುಗಿಸಿದ್ರೆ ಗ್ಯಾಸ್ ಹೋಗ್ತದೆ. ಲಿಂಬೆ ಹಿಂಡ್ಬೇಡ್ರಿ, ಹುಳಿ ಎಲ್ಲಾನೂ ನುಂಗ್ತದೆ. ಸಿಪ್ಪೆ ಮಾತ್ರ ಹೆರೆದು ಮೇಲೆ ಹಿಚುಕಿ ಹಾಕ್ರಿ. ಜೂನಿಪರ್ ಜೋರಿರೋ ಜಿನ್ನಿಗೆ ಲಿಂಬೆ ಸಿಪ್ಪೆ, ಮಸಾಲೆಯದ್ದಕ್ಕೆ ಕಿತ್ತಳೆ ಸಿಪ್ಪೆ ಇಲ್ಲಾ ಒಂದು ತೆಳು ಶುಂಠಿ. ಟಾನಿಕ್ ಕಹಿ ಸೇರದವ್ರು ಸಾದಾ ಸೋಡಾ ಹಾಕ್ರಿ, ಜಿನ್ನಿನ ಗುಣ ಸೋಡಾದಲ್ಲಿ ಇನ್ನೂ ಚೆನ್ನಾಗಿ ಕಾಣ್ತದೆ. ನಮ್ಮ ರೂಮಲ್ಲಿ ಗಿರ್ಮಿಟ್, ಮಿರ್ಚಿ ಭಜಿ ಮಾಡಿದ ದಿನ ಜಿನ್-ಸೋಡಾನೇ, ಟಾನಿಕ್ಕಿನ ಸಿಹಿ ಆ ಖಾರದ ಜೊತೆ ಕೂಡೋದಿಲ್ಲ. ಸುರಮೈ ಮೀನಿನ ಫ್ರೈ ಇದ್ರೆ ಮಾತ್ರ ಟಾನಿಕ್.

ಲೆಕ್ಕ ಇಟ್ಕೋರಿ: 42.8ರ ಜಿನ್ 30 ಎಂಎಲ್ ಅಂದ್ರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಟಾನಿಕ್ ಜೊತೆ ಶರಬತ್ತಿನಂಗೆ ಇಳೀತದೆ, ಅದಕ್ಕೇ ಎಣಿಸೋದು ಮುಖ್ಯ. ಗಾಡಿ ಓಡ್ಸೋದಿದ್ರೆ ಒಂದು ಪೆಗ್ಗೂ ಬೇಡ, ರಕ್ತದಲ್ಲಿ 100 ಎಂಎಲ್‌ಗೆ 30 ಮಿಲಿಗ್ರಾಂ ದಾಟಿದ್ರೆ ಕೇಸು, ಗೋವಾದ ಆ ಕತ್ತಲೆ ತಿರುವುಗಳಲ್ಲಿ ರೆಂಟಿನ ಸ್ಕೂಟರ್ ಮೇಲೆ ನಮ್ಮೂರ ಹುಡುಗ್ರು ಬಿದ್ದಿದ್ದು ನಾನೇ ಆಸ್ಪತ್ರೆಗೆ ಹೋಗಿ ನೋಡಿದ್ದೀನಿ. ಬೀಚ್ ಮೇಲೆ ಬಾಟ್ಲಿ ತೆಗೆಯೋದೂ ಬೇಡ, ದಂಡ ಇದೆ, ಒಡೆದ ಗಾಜು ಬರಿಗಾಲಲ್ಲಿ ಓಡೋ ಮಕ್ಕಳ ಕಾಲಿಗೆ ಚುಚ್ತದೆ.

ಹೆಜ್ಜೆ 7: ಈಗ ಫುಲ್ ಬಾಟ್ಲಿ

ಮೂರು ರುಚಿ ನೋಡಿ ಆದ್ಮೇಲೆ ನೀರು ಹಾಕಿದಾಗ ಯಾವುದು ನಿಮಗೆ ಇಷ್ಟ ಆಯ್ತೋ ಅದರ 750 ತಗೋರಿ. ಟಾನಿಕ್ ಹಾಕಿದಾಗ ಇಷ್ಟ ಆಗಿದ್ದಲ್ಲ, ನೀರಲ್ಲಿ ಇಷ್ಟ ಆಗಿದ್ದು. ಎರಡರ ನಡುವೆ ಮನಸು ತೂಗಾಡಿದ್ರೆ ಜೂನಿಪರ್ ಸ್ಪಷ್ಟ ಇರೋದನ್ನ ತಗೋರಿ, ಅದು ಟಾನಿಕ್, ಸೋಡಾ, ಮಾರ್ಟಿನಿ ಎಲ್ಲದಕ್ಕೂ ಬರ್ತದೆ, ಹೂವಿನ ಘಮದ್ದು ಒಂದೇ ರೀತಿಗೆ ಸರಿ ಹೋಗ್ತದೆ. ಗೋವಾದಲ್ಲೇ ಮಾಡಿದ್ದು ಇಲ್ಲಿ ಅಗ್ಗ, ಅದೇ ಬಾಟ್ಲಿ ಪುಣೆಯಲ್ಲಿ, ಬೆಂಗಳೂರಲ್ಲಿ ಟ್ಯಾಕ್ಸ್ ಸೇರಿ ಜಾಸ್ತಿ ಆಗ್ತದೆ. ಹೊರದೇಶದ್ದಕ್ಕೆ ಕಸ್ಟಮ್ಸ್ ಡ್ಯೂಟಿ ಸೇರಿರ್ತದೆ, ಹಂಗಾಗಿ ರೇಟ್ ಜಾಸ್ತಿ ಅಂತ ಮಾಲು ಮೇಲು ಅಲ್ಲ.

ಮನೇಲಿ ಬಿಸಿಲು ತಾಗದ ಕಪಾಟಲ್ಲಿ ನೆಟ್ಟಗೆ ನಿಲ್ಲಿಸಿಡ್ರಿ. ವಿಸ್ಕಿ ಥರಾನೇ ಇದೂ ಬಾಟ್ಲಿಯಲ್ಲಿ ಇಟ್ರೆ ಸುಧಾರಿಸೋದಿಲ್ಲ, ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ಘಮ ನಿಧಾನಕ್ಕೆ ಕಡಿಮೆ ಆಗ್ತದೆ, ಒಂದು ವರ್ಷದೊಳಗೆ ಮುಗಿಸೋದು ಒಳ್ಳೇದು. ಟಾನಿಕ್ ಮಾತ್ರ ತೆಗೆದ ದಿನವೇ ಮುಗಿಸ್ರಿ, ಸಣ್ಣ 200 ಎಂಎಲ್ ಬಾಟ್ಲಿನೇ ತಗೊಂಡ್ರೆ ಈ ತಲೆನೋವು ಇಲ್ಲ.

ಊರಿಗೆ ತಗೊಂಡು ಹೋಗೋರು ಇದನ್ನ ಓದ್ಲೇಬೇಕು. ಕಾರವಾರದ ಮಾಜಾಳಿ, ಈ ಕಡೆ ಅನಮೋಡ, ಎರಡೂ ಕಡೆ ಎಕ್ಸೈಸ್‌ನವ್ರು ಗಾಡಿ ನಿಲ್ಲಿಸಿ ನೋಡ್ತಾರೆ, ಪರ್ಮಿಟ್ ಇಲ್ದೆ ಗೋವಾ ಮಾಲು ಕರ್ನಾಟಕಕ್ಕೆ ಒಯ್ಯೋದು ಅಪರಾಧ. "ಒಂದ್ ಬಾಟ್ಲಿಗೆ ಏನ್ ಆಗ್ತೈತಿ" ಅಂತ ಹೋಗಿ ಸೀಟಿನ ಕೆಳಗೆ ಇಟ್ಟಿದ್ದಕ್ಕೆ ಕೇಸ್ ಹಾಕ್ಸ್ಕೊಂಡು ಇಡೀ ದಿನ ಕೂತವ್ರು ನಮ್ಮ ಬಳಗದಲ್ಲೇ ಇದ್ದಾರೆ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಲ್ಲಿ ಒಬ್ರಿಗೆ 5 ಲೀಟರ್ ತನಕ ಬಿಡ್ತಾರೆ, ಆದ್ರೆ ಇಳಿಯೋ ರಾಜ್ಯದ ಎಕ್ಸೈಸ್ ನಿಯಮ ಅಲ್ಲಿಗೂ ಅನ್ವಯ ಆಗ್ತದೆ. ಪುಣೆ, ಮುಂಬೈ ಕನ್ನಡದವ್ರಿಗೆ ಒಂದು ಮಾತು, ಮಹಾರಾಷ್ಟ್ರದಲ್ಲಿ ಹಾರ್ಡ್ ಲಿಕ್ಕರಿಗೆ ವಯಸ್ಸು 25 ಆಗಿರ್ಬೇಕು, ಪರ್ಮಿಟ್ಟೂ ಬೇಕು, ಗೋವಾದಲ್ಲಿ 21. ನನ್ನ ತಮ್ಮ ಹೋದ ತಿಂಗಳು ಬಂದಾಗ ಬಾಟ್ಲಿ ಕೊಡ್ಲಿಲ್ಲ, ಐವತ್ತು ಗ್ರಾಂ ಜೂನಿಪರ್ ಕಾಯಿ ಡಬ್ಬಿಗೆ ಹಾಕಿ ಬ್ಯಾಗಲ್ಲಿ ಇಟ್ಟು ಕಳ್ಸಿದೆ. ಅವ್ವ ಅದನ್ನ ಮೆಣಸು ಅಂತ ತಿಳ್ಕೊಂಡು ಸಾರಿಗೆ ಹಾಕೋಕೆ ಮೊದಲು ಫೋನ್ ಮಾಡಿದ್ಳು, ಪುಣ್ಯಕ್ಕೆ.